ಚೆಂದದ ರೋಗ

ಫಿದೆನ್ಸಿಯಾಳ ಮುಖ ಚೆಂದವಾಗುತ್ತ ಬಂದದ್ದೇ ಅವಳಿಗೆ ಕೇಡಾಯಿತು. ಕುರೂಪವಾಗಿದ್ದರೆ ಯಾರಾದರೂ ಎರಡು ವರ್ಷ ಮೊದಲೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ಚೆಂದವಾದವರನ್ನು ಯಾರು ಆಸ್ಪತ್ರೆಗೆ ಕಳಿಸುತ್ತಾರೆ?

ನಲವತ್ತೇಳರ ಹೆಂಗಸು. ದೂರದ ದಕ್ಷಿಣದ ಗೆರೆರೋ ಬೆಟ್ಟಗಳಿಂದ ಗಂಡನ ಹಿಂದೆ ಟೊಮೆಟೊ ಕೀಳಲು ಬಂದು ಹದಿನೆಂಟು ವರ್ಷವಾಗಿತ್ತು. ಗಂಡ ಈ ಕುಲಿಯಾಕಾನ್ ಬಯಲಿನಲ್ಲೇ ಸತ್ತ. ಮಕ್ಕಳಿಲ್ಲ. ಕಂಪನಿಯ ಕ್ಯಾಂಪೇ ಮನೆ, ತಗಡಿನ ಸಾಲುಮನೆಯ ಒಂದು ಖೋಲಿ. ಮೊದಲು ಬಕೆಟ್ಟು ಹೊತ್ತಳು. ಸೊಂಟ ಬಿದ್ದ ಮೇಲೆ ಮೇಸ್ತ್ರಿ ಬಾಲ್ತಸಾರ್ ಅವಳನ್ನು ಅಡುಗೆ ಕೊಟ್ಟಿಗೆಗೆ ಹಾಕಿದ. ಅಲ್ಲಿಂದಾಚೆ ಅವಳುಂಟು, ಹಂಚುಂಟು. ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳ ಅರೆಯಬೇಕು, ತಟ್ಟಬೇಕು, ಬೇಯಿಸಬೇಕು. ನಾನೂರು ಹೊಟ್ಟೆಗೆ ಅವಳ ರೊಟ್ಟಿ. ಕೂಲಿಯವರ ಲಾರಿ ಹೊರಡುವಷ್ಟರಲ್ಲಿ ಒಂದೂ ಕಡಿಮೆಯಾಗುವಂತಿಲ್ಲ.

ಆ ಬೆಟ್ಟದ ಜನರಲ್ಲಿ ಒಂದು ಹಟವಿದೆ. ಹಂಚಿನ ಮೇಲಿನ ರೊಟ್ಟಿಯನ್ನು ಬರಿ ಬೆರಳಿನಿಂದಲೇ ತಿರುವಬೇಕು. ಸೌಟು ಹಿಡಿದವಳು ಹೆಂಗಸೇ ಅಲ್ಲ. ಹೊಸ ಸೊಸೆ ಬೆರಳು ಸುಟ್ಟುಕೊಂಡು ಬಾಯಿಗಿಟ್ಟರೆ ಅತ್ತೆ ನಗುತ್ತಾಳೆ, ನೆರೆಮನೆಯವರನ್ನೂ ಕರೆದು ನಗಿಸುತ್ತಾಳೆ. ಫಿದೆನ್ಸಿಯಾ ಮಾತ್ರ ಕೆಂಪಗೆ ಕಾದ ಹಂಚಿಗೆ ಅಂಗೈ ಊರುವಷ್ಟು ಹತ್ತಿರ ಕೈ ಹಾಕುತ್ತಿದ್ದಳು. "ಬೆಂಕಿಗೇ ಇವಳನ್ನ ಕಂಡ್ರೆ ಭಯ" ಅನ್ನುತ್ತಿದ್ದರು. ಆ ಕೈಗೆ ಬೆಂಕಿ ಗೊತ್ತಾಗುವುದೇ ನಿಂತುಹೋಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಕೈ ಪಳಗಿತು ಅಂದುಕೊಂಡಳು.

ಮುಖವೂ ಹಾಗೆಯೇ. ಹಣೆಯ ಗೆರೆ ಹೋಯಿತು. ಕೆನ್ನೆ ತುಂಬಿಕೊಂಡಿತು. ಚರ್ಮ ಎಣ್ಣೆ ಹಚ್ಚಿದಂತೆ ಮಿರಮಿರ ಅನ್ನತೊಡಗಿತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಿಗೆ ಅದೇ ಮಾತು.

"ಏನ್ ಹಚ್ಕೋತೀಯಕ್ಕ ಮುಖಕ್ಕೆ? ನಮಗೂ ಒಂಚೂರು ಹೇಳಿಕೊಡು."

"ಬೂದಿ."

"ಬೂದಿ ಅಲ್ಲ, ಗಂಡ ಇಲ್ದಿರೋ ಸುಖ ಅದು. ನಮ್ಮೋನೂ ಒಂದೆರಡು ವರ್ಷ ಎಲ್ಲಾದ್ರೂ ಹೋಗಿದ್ರೆ ನಾನೂ ಹಿಂಗೇ ಹೊಳೀತಿದ್ದೆ."

ಇದನ್ನಂದವಳು ತೆಂಚಾ. ಪಕ್ಕದ ಖೋಲಿಯವಳು. ಅವಳ ಮಗಳು ಎಲ್ವಿರಾಳಿಗೆ ಚರ್ಚಿನಲ್ಲಿ ತಲೆಗೆ ನೀರು ಹಾಕಿಸುವಾಗ ಮಗುವನ್ನು ಎತ್ತಿಕೊಂಡು ನಿಂತವಳು ಫಿದೆನ್ಸಿಯಾ. ಅಂದಿನಿಂದ ಅವರಿಬ್ಬರೂ ಕೊಮಾದ್ರೆಗಳು. ಆ ಕಡೆ ಆ ನಂಟು ರಕ್ತಕ್ಕಿಂತ ಒಂದು ಕೈ ಹೆಚ್ಚು. ಫಿದೆನ್ಸಿಯಾಳ ಹುಬ್ಬಿನ ಕೂದಲು ಉದುರಿಹೋದಾಗ ಕಪ್ಪು ಪೆನ್ಸಿಲ್ಲಿನಲ್ಲಿ ಹುಬ್ಬು ಬರೆದುಕೊಟ್ಟವಳೂ ತೆಂಚಾನೇ.

ಮೇಸ್ತ್ರಿಗೂ ಆ ಮುಖ ಉಪಯೋಗಕ್ಕೆ ಬಂತು. ಕ್ಯಾಂಪು ನೋಡಲು ನಗರದಿಂದ ದೊಡ್ಡವರು ಬಂದಾಗ ಅವಳನ್ನು ಹಂಚಿನ ಹಿಂದಿನಿಂದ ಎಬ್ಬಿಸಿ ನಿಲ್ಲಿಸುತ್ತಿದ್ದ. "ನಮ್ಮ ಕ್ಯಾಂಪಿನ ಊಟ ನೋಡಿ ಸ್ವಾಮಿ. ಇವಳಿಗೆ ಐವತ್ತು ಹತ್ರ ಆಯ್ತು ಅಂದ್ರೆ ನಂಬ್ತೀರಾ?" ಅವರು ನಗುತ್ತಿದ್ದರು. ಅವಳು ಹಿಟ್ಟಿನ ಕೈ ಲಂಗಕ್ಕೆ ಒರೆಸಿಕೊಂಡು ನಿಂತಿರುತ್ತಿದ್ದಳು.

ಆಮೇಲೆ ಕಾಲು ಶುರುವಾಯಿತು. ತೊಡೆಯ ಮೇಲೆ, ಮೀನಖಂಡದ ಮೇಲೆ ಕೆಂಪು ಮಚ್ಚೆ. ಮಚ್ಚೆ ನೇರಳೆಯಾಗಿ, ಕಪ್ಪಾಗಿ, ಒಡೆದು ಹುಣ್ಣಾಗುತ್ತಿತ್ತು. ಬೆಂಕಿ ತಾಗಿದರೆ ಗೊತ್ತಾಗದವಳಿಗೆ ಬೆಂಕಿಯಿಲ್ಲದೆ ಉರಿ. ಕಂಪನಿಯ ಡಾಕ್ಟರು ಮೊದಲ ಸಲ ಜೇಡ ಕಡಿದಿದೆ ಅಂದ. ಎರಡನೆಯ ಸಲ ಲಂಗ ಎತ್ತಿಸಿಯೂ ನೋಡದೆ ಹೇಳಿದ: "ಒಲೆ ಮುಂದೆ ಕೂರೋ ಹೆಂಗಸು. ಸುಟ್ಕೊಂಡಿದ್ದಾಳೆ. ಮೈಮೇಲೆ ಎಚ್ಚರ ಬೇಡ್ವಾ?" ಒಂದು ಟ್ಯೂಬು ಮುಲಾಮು ಕೊಟ್ಟ. ಅವಳು ಹಳೇ ಬಟ್ಟೆ ಸುತ್ತಿಕೊಂಡು ಹಂಚಿನ ಮುಂದೆ ಹೋಗಿ ನಿಂತಳು. ಕೀವು ಬಟ್ಟೆಗೆ ಅಂಟುತ್ತಿತ್ತು. ಸಂಜೆ ಬಿಚ್ಚುವಾಗ ಬಟ್ಟೆಯ ಜೊತೆ ಚರ್ಮ ಬರುತ್ತಿತ್ತು. ನೊಣ ಓಡಿಸಲು ಕೈ ಬಿಡುವಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ತೆಂಚಾ ಬುಟ್ಟಿ ತುಂಬಿಸಿಕೊಳ್ಳಲು ಬಂದಳು. ಮೂಗು ಸೊಟ್ಟ ಮಾಡಿದಳು.

"ಕೊಮಾದ್ರೆ, ಮಾಂಸ ಸುಡ್ತಿದ್ದೀಯಾ? ಯಾರಿಗೆ ಇವತ್ತು ಹಬ್ಬ?"

"ಮಾಂಸ ಎಲ್ಲಿ ಬರ್ಬೇಕು?"

ತೆಂಚಾ ಹಂಚು ನೋಡಿದಳು. ಫಿದೆನ್ಸಿಯಾಳ ಬಲಗೈಯ ಎರಡು ಬೆರಳು ಹಂಚಿಗೆ ಅಂಟಿಕೊಂಡಿದ್ದವು. ಹೊಗೆ ಏಳುತ್ತಿತ್ತು. ಅವಳು ಎಡಗೈಯಲ್ಲಿ ಮುಂದಿನ ಉಂಡೆ ಹುಡುಕುತ್ತಿದ್ದಳು. ತೆಂಚಾ ಕಿರುಚಿಕೊಂಡು ಕೈ ಕಿತ್ತಳು. ಕಿರುಚಿದ್ದು ತೆಂಚಾ ಒಬ್ಬಳೇ. ಫಿದೆನ್ಸಿಯಾ ತನ್ನ ಬೆರಳನ್ನು ಬೇರೆ ಯಾರದ್ದೋ ಬೆರಳು ನೋಡುವ ಹಾಗೆ ನೋಡಿದಳು.

ಆ ದಿನದ ಕೂಲಿ ಬಿಟ್ಟು ತೆಂಚಾನೇ ಅವಳನ್ನು ಬಸ್ಸಿನಲ್ಲಿ ನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಸೇರಿಸಿ ಬಂದಳು.

ಕಿವಿಯ ಹಾಲೆ ಗೀರಿ ರಸ ತೆಗೆದರು. ಮೂಗಿನಿಂದ ತೆಗೆದರು. ಮೂರನೆಯ ದಿನ ಚರ್ಮದ ದೊಡ್ಡ ಡಾಕ್ಟರು ಉರ್ರುತಿಯಾ ಬಂದರು. ಹಿಂದೆ ಹನ್ನೆರಡು ಜನ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು. ಉರ್ರುತಿಯಾ ಅವಳ ಮುಖ ನೋಡಿದರು. ಅವರ ಮುಖ ಅರಳಿತು. ಕಳೆದುಹೋದ ಒಡವೆ ಸಿಕ್ಕವರು ಹಾಗೆ ನೋಡುತ್ತಾರೆ.

"ಬಟ್ಟೆ ತೆಗೀರಮ್ಮ."

ತೆಗೆದಳು. ಒಳಲಂಗದಲ್ಲಿ ನಿಂತಳು. ಡಾಕ್ಟರು ಕೈಗವಸು ಹಾಕಿಕೊಂಡರು. ಸೂಜಿಯಲ್ಲಿ ಚುಚ್ಚಿದರು.

"ನೋವಾಗುತ್ತಾ?"

"ಇಲ್ಲ."

"ಇಲ್ಲಿ?"

"ಇಲ್ಲ."

ಅವಳು ಒಂದೊಂದು ಸಲ ಇಲ್ಲ ಅಂದಾಗಲೂ ಹನ್ನೆರಡು ಜನ ಬರೆದುಕೊಂಡರು. ಒಬ್ಬಳು ಹುಡುಗಿ ತೊಡೆಯ ಫೋಟೋ ತೆಗೆದಳು. ಬೆಳಕು ಸಾಲದೆಂದು ಕಿಟಕಿಯ ಹತ್ತಿರ ನಿಲ್ಲಿಸಿ ಮತ್ತೆ ತೆಗೆದಳು. ಕಿಟಕಿಯಾಚೆ ಕಾರಿಡಾರು. ಜನ ಓಡಾಡುತ್ತಿದ್ದರು.

"ನೋಡಿ," ಅಂದರು ಉರ್ರುತಿಯಾ. "ಗಂಟಿಲ್ಲ. ಬಿಳಿ ಮಚ್ಚೆಯಿಲ್ಲ. ಸುಕ್ಕೇ ಇಲ್ಲದ ಮುಖ. ನಮ್ಮ ಹಳಬರು ಚೆಂದದ ಕುಷ್ಠ ಅಂತಿದ್ದದ್ದು ಇದನ್ನೇ. ಅದರ ಮೇಲೆ ಈ ಕಪ್ಪು ಹುಣ್ಣುಗಳು, ಅದು ಇನ್ನೂ ಅಪರೂಪ. ಮೂವತ್ತು ವರ್ಷದಲ್ಲಿ ನಾನು ನೋಡಿರೋದು ನಾಲ್ಕೇ ನಾಲ್ಕು."

"ಯಾರಿಗೆ ಕುಷ್ಠ?" ಅಂದಳು ಫಿದೆನ್ಸಿಯಾ.

ಹನ್ನೆರಡು ಪೆನ್ನು ನಿಂತವು. ಅವಳಿಗೆ ಹೇಳಬೇಕೆಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಅವಳ ಎದುರಿಗೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಸಂತೆಯಲ್ಲಿ ಹಸುವಿನ ಹಲ್ಲು ಎಣಿಸುವವರ ಹಾಗೆ.

ಒಂದು ತಿಂಗಳಿಟ್ಟುಕೊಂಡರು. ಮಾತ್ರೆ ಕೊಟ್ಟರು, ಹುಣ್ಣು ತೊಳೆದರು. ಅದಕ್ಕೆ ಅವಳು ಋಣಿ, ಇಲ್ಲವೆನ್ನಲಿಲ್ಲ. ಹೋಗುವ ದಿನ ಉರ್ರುತಿಯಾ ಸಮಾಧಾನ ಹೇಳಿದರು. "ಇನ್ನು ನಿಮ್ಮಿಂದ ಯಾರಿಗೂ ಅಂಟಲ್ಲಮ್ಮ. ಮಾತ್ರೆ ಶುರು ಮಾಡಿದ ಮೇಲೆ ಆ ಭಯ ಇಲ್ಲ. ಮೊದ್ಲೂ ಸಹ ನೂರು ಜನದಲ್ಲಿ ತೊಂಬತ್ತೈದು ಜನಕ್ಕೆ ಅಂಟೋ ರೋಗ ಅಲ್ಲ ಇದು. ಧೈರ್ಯವಾಗಿ ಕೆಲಸಕ್ಕೆ ಹೋಗಿ." ಅದನ್ನೇ ಬರೆದು ಮೊಹರು ಹಾಕಿದ ಕಾಗದ ಕೊಟ್ಟರು. ಅವಳಿಗೆ ಓದಲು ಬರುವುದಿಲ್ಲ. ಎದೆಯ ಹತ್ತಿರ ಮಡಚಿಟ್ಟುಕೊಂಡಳು.

ಕ್ಯಾಂಪಿಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಖೋಲಿಯ ಬಾಗಿಲಿಗೆ ಸುಣ್ಣ ಬಳಿದಿದ್ದರು. ಹಾಸಿಗೆ ಸುಟ್ಟಿದ್ದರು. ಊರಿನಿಂದ ತಲೆಯ ಮೇಲೆ ಹೊತ್ತು ತಂದಿದ್ದ ಅವಳ ತಾಯಿಯ ಮಣ್ಣಿನ ಹಂಚನ್ನು ಒಡೆದು ಕಾಲುವೆಗೆ ಎಸೆದಿದ್ದರು. ಮೇಸ್ತ್ರಿ ಬಾಲ್ತಸಾರ್ ಹತ್ತು ಹೆಜ್ಜೆ ದೂರದಲ್ಲಿ ನಿಂತ.

"ಅಲ್ಲೇ ನಿಲ್ಲು. ಕಾಗದ ಬಿಚ್ಚಿ ನೆಲದ ಮೇಲಿಡು. ಮೇಲೊಂದು ಕಲ್ಲಿಡು. ಹಿಂದಕ್ಕೆ ಹೋಗು."

ಇಟ್ಟಳು. ಹಿಂದಕ್ಕೆ ಹೋದಳು. ಅವನು ಬಂದು ಸೊಂಟಕ್ಕೆ ಕೈಕೊಟ್ಟು, ಬಗ್ಗಿ, ಮುಟ್ಟದೆ ಓದಿದ.

"ಇದು ಆಸ್ಪತ್ರೆ ಕಾಗದ. ಕಂಪನಿದಲ್ಲ."

"ಅಂಟಲ್ಲ ಅಂತ ಬರೆದಿದೆ, ದೊನ್ ಬಾಲ್ತಸಾರ್."

"ಬರೆಯೋದಕ್ಕೇನು. ನಾನೂರು ಜನ ತಿನ್ನೋ ರೊಟ್ಟಿ. ಜನ ಹೆದರಿ ಓಡಿಹೋದ್ರೆ ಟೊಮೆಟೊ ನೀನು ಕೀಳ್ತೀಯಾ?"

"ಎರಡು ವರ್ಷ ತಿಂದ್ರಲ್ಲ. ನೀವೂ ತಿಂದ್ರಿ, ದಿನಾ ಎಂಟು. ಆಗ ರೋಗ ಇತ್ತು, ಮಾತ್ರೆ ಇರ್ಲಿಲ್ಲ. ಈಗ ಮಾತ್ರೆ ಇದೆ."

"ಆಗ ಗೊತ್ತಿರ್ಲಿಲ್ಲ."

"ಹಾಗಾದ್ರೆ ಅಂಟೋದು ರೋಗ ಅಲ್ಲ ಬಿಡಿ, ಸುದ್ದಿ."

"ಬಾಯಿ ಜಾಸ್ತಿಯಾಯ್ತು ನಿಂದು," ಅಂದ ಮೇಸ್ತ್ರಿ. "ಗೇಟು ಆ ಕಡೆ."

ತೆಂಚಾಳ ಬಾಗಿಲು ಅರ್ಧ ತೆರೆದಿತ್ತು. ಎಲ್ವಿರಾ ಹೊರಗೆ ಓಡಿ ಬರುತ್ತಿದ್ದಳು. ತೆಂಚಾ ಮಗಳ ಜುಟ್ಟು ಹಿಡಿದು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿತು. ಫಿದೆನ್ಸಿಯಾ ಕಂಡಳು. ಎಲ್ವಿರಾಳಿಗೆಂದು ತಾನು ಹೆಣೆದುಕೊಟ್ಟಿದ್ದ ಕಂಬಳಿಯನ್ನೂ ತೆಂಚಾ ಬೆಂಕಿಗೆ ಹಾಕಿದಳೆಂದು ಗೇಟಿನವನು ಕೇಳದೆಯೇ ಹೇಳಿದ. ಮೇಸ್ತ್ರಿ ಕಲ್ಲಿಡಿಸಿದಾಗ ಬಾರದ ಅಳು ಆಗ ಬಂತು. ರಸ್ತೆಯಲ್ಲಿ ನಿಂತು ಅತ್ತಳು.

ಕಾಲುವೆಯಾಚೆ ಪಂಕ್ಚರು ಹಾಕುವ ಮುದುಕನೊಬ್ಬ ಟೈರು ಇಡುವ ಕೊಟ್ಟಿಗೆಯಲ್ಲಿ ಜಾಗ ಕೊಟ್ಟ. ಅವನು ಏನೂ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ, ಹಂಚಿನ ಮುಂದಿನ ತನ್ನ ಜಾಗ. ಹದಿನೆಂಟು ವರ್ಷ ಬೆನ್ನು ಬಗ್ಗಿಸಿ ಸಂಪಾದಿಸಿದ್ದು ಅದೊಂದೇ. ಬೇರೇನೂ ಅವಳ ಹೆಸರಿಗಿರಲಿಲ್ಲ.

ತಿಂಗಳ ಮಾತ್ರೆಗೆ ಹೋದಾಗ ಉರ್ರುತಿಯಾ ಕುರ್ಚಿ ಕೊಟ್ಟು ಕೂರಿಸಿದರು. ದೇಶದ ಎಲ್ಲೆಲ್ಲಿಂದಲೋ ಡಾಕ್ಟರುಗಳು ಬರುತ್ತಾರೆ, ದೊಡ್ಡ ಸಭೆ, ಇಂಥ ಕೇಸು ಅವರು ಪುಸ್ತಕದಲ್ಲಿ ಮಾತ್ರ ನೋಡಿದ್ದಾರೆ ಎಂದರು.

"ಬರ್ತೀನಿ," ಅಂದಳು. "ಆದ್ರೆ ನೀವು ಮೊದಲು ಕ್ಯಾಂಪಿಗೆ ಬನ್ನಿ. ಮೇಸ್ತ್ರಿ ಎದುರಿಗೆ, ಜನದ ಎದುರಿಗೆ ಹೇಳಿ. ನನ್ನ ಕೈಯ ರೊಟ್ಟಿ ಒಂದು ತಿನ್ನಿ. ಅಷ್ಟು ಸಾಕು ನಂಗೆ."

"ಅಷ್ಟು ದೂರ ಯಾಕಮ್ಮ? ಫೋನ್ ಮಾಡ್ತೀನಿ."

ಅವಳೆದುರಿಗೇ ಮಾಡಿದರು. ಆ ಕಡೆಯಿಂದ ಮೇಸ್ತ್ರಿ, ಆಗಲಿ ಡಾಕ್ಟ್ರೇ, ಖಂಡಿತ ಡಾಕ್ಟ್ರೇ ಅಂದದ್ದು ಅವಳಿಗೂ ಕೇಳಿಸಿತು. ಮರುದಿನ ಗೇಟಿಗೆ ಹೋದಳು. ಗೇಟು ತೆರೆಯಲಿಲ್ಲ. ಮತ್ತೆ ಬಂದು ಹೇಳಿದಳು.

"ನಾನು ಹೇಳೋದು ಹೇಳಿದೀನಿ," ಅಂದರು ಉರ್ರುತಿಯಾ. ಗಡಿಯಾರ ನೋಡಿಕೊಂಡರು. "ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ. ಶುಕ್ರವಾರ ಹತ್ತು ಗಂಟೆ. ತಪ್ಪಿಸ್ಬೇಡಿ."

ಅವಳು ತಪ್ಪಿಸಲಿಲ್ಲ. ಬೆಳಿಗ್ಗೆ ಎದ್ದು ಮುದುಕನ ತಗಡಿನ ಮೇಲೆ ಹತ್ತು ರೊಟ್ಟಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿಕೊಂಡಳು.

ಸಭೆ ತುಂಬ ಕೋಟು ಹಾಕಿದವರು. ಎದುರಿನ ಗೋಡೆಯಷ್ಟು ದೊಡ್ಡ ಪರದೆ. ಪರದೆಯ ಮೇಲೆ ಅವಳು. ಮುಖ, ಕಿವಿ, ಸುಟ್ಟ ಬೆರಳು, ತೊಡೆ. ಕಣ್ಣಿಗೆ ಕರಿ ಪಟ್ಟಿ ಹಾಕಿದ್ದರು, ಮರ್ಯಾದೆ ಕಾಯಲು. ತೊಡೆಗೆ ಹಾಕಿರಲಿಲ್ಲ. ಉರ್ರುತಿಯಾ ಕೋಲಿನಲ್ಲಿ ತೋರಿಸುತ್ತ ಹೇಳುತ್ತಿದ್ದರು. ಮೂರು ತಿಂಗಳಿನಿಂದ ಮಾತ್ರೆಯಲ್ಲಿದ್ದಾರೆ, ಇವರಿಂದ ಯಾರಿಗೂ ಸೋಂಕು ಹರಡುವ ಸಾಧ್ಯತೆಯಿಲ್ಲ, ಜನರಲ್ಲಿರುವ ಕುರುಡು ಭಯವನ್ನು ನಾವೇ ಮೊದಲು ಕಳೆಯಬೇಕು. ಚಪ್ಪಾಳೆ ಬಿತ್ತು.

"ಈಗ ರೋಗಿಯನ್ನೇ ನೋಡೋಣ. ಬನ್ನಿ ಅಮ್ಮ. ಲಂಗ ಸ್ವಲ್ಪ ಮೇಲೆತ್ತಿ."

ಫಿದೆನ್ಸಿಯಾ ವೇದಿಕೆ ಹತ್ತಿದಳು. ಲಂಗ ಎತ್ತಲಿಲ್ಲ. ಮೇಜಿನ ಮೇಲೆ ಬಟ್ಟೆ ಬಿಚ್ಚಿದಳು. ಒಂದು ರೊಟ್ಟಿ ತೆಗೆದು ಚಾಚಿದಳು.

"ತಿನ್ನಿ ಡಾಕ್ಟ್ರೇ."

ಅವರು ನಕ್ಕರು. ಸಭೆಗೂ ನಗು ಬಂತು, ಹಳ್ಳಿಯ ಹೆಂಗಸಿನ ಪ್ರೀತಿ ಎಂದುಕೊಂಡಿತು. "ಬಹಳ ಸಂತೋಷ ಅಮ್ಮ. ಆಮೇಲೆ ತಿಂತೀನಿ."

"ಈಗ ತಿನ್ನಿ. ಅಂಟಲ್ಲ ಅಂದ್ರಲ್ಲ ಈಗ."

"ನಂದು ಊಟ ಆಗಿದೆ."

"ಹತ್ತೂವರೆಗೆ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಉರ್ರುತಿಯಾ ಕಾಗದದ ಕರವಸ್ತ್ರವೊಂದನ್ನು ಎಳೆದುಕೊಂಡು, ಅದರಲ್ಲಿ ರೊಟ್ಟಿಯ ಅಂಚು ಹಿಡಿದು, ಮೇಜಿನ ತುದಿಗಿಟ್ಟರು. ಅವರ ಕೈ ತಾನಾಗಿಯೇ, ಕೈ ಶುದ್ಧಿ ಮಾಡಿಕೊಳ್ಳುವ ಬಾಟಲಿಯ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಇಡೀ ಸಭೆ ಅದನ್ನು ಕಂಡಿತು.

ಅವಳೂ ಕಂಡಳು.

"ಮೇಸ್ತ್ರಿ ಕಾಗದದ ಮೇಲೆ ಕಲ್ಲಿಡಿಸಿದ," ಅಂದಳು. ಅವಳ ದನಿ ಏರಲಿಲ್ಲ. "ಅವನಿಗೆ ಅಕ್ಷರ ಅಷ್ಟೇ ಬರೋದು, ರೋಗ ಗೊತ್ತಿಲ್ಲ. ನಿಮಗೆ ಎಲ್ಲಾ ಗೊತ್ತು. ಗೊತ್ತಿದ್ದೂ ಒಂದು ದಿನಾನೂ ನನ್ನ ಬರಿ ಕೈಯಲ್ಲಿ ಮುಟ್ಟಲಿಲ್ಲ. ನನ್ನ ಮೈ ಬೇಕು ನಿಮಗೆ. ನಾನು ಮಾಡಿದ ರೊಟ್ಟಿ ಬೇಡ."

"ಅಮ್ಮಾ, ಇದು ಅದಕ್ಕೆಲ್ಲ ಜಾಗ ಅಲ್ಲ."

"ಬಟ್ಟೆ ಬಿಚ್ಚೋಕೆ ಇದು ಜಾಗ. ಮಾತಾಡೋಕೆ ಅಲ್ಲ. ಅಲ್ವಾ? ಆ ಚಿತ್ರ ತೆಗೀರಿ."

"ನೀವೇ ಒಪ್ಪಿಗೆ ಕೊಟ್ಟಿದ್ದೀರಿ. ಹೆಬ್ಬೆಟ್ಟು ಒತ್ತಿದ್ದೀರಿ."

"ನೀವು ಹಿಡಿದು ಒತ್ತಿಸಿದ್ರಿ. ಏನಕ್ಕೆ ಅಂತ ಹೇಳಲಿಲ್ಲ. ಆ ಬೆರಳಿಗೆ ಒತ್ತಿದ್ದೂ ಗೊತ್ತಾಗಲ್ಲ. ತೆಗೀರಿ."

ಯಾರೂ ತೆಗೆಯಲಿಲ್ಲ. ಅವಳು ಒಂಬತ್ತು ರೊಟ್ಟಿ ಬಟ್ಟೆಗೆ ಕಟ್ಟಿದಳು. ಮೇಜಿನ ತುದಿಯಲ್ಲಿದ್ದ ಹತ್ತನೆಯದನ್ನೂ ತೆಗೆದುಕೊಂಡಳು. "ನನ್ನ ಕಾಲು ಇನ್ನು ಯಾರಿಗೂ ತೋರ್ಸಲ್ಲ. ಮಾತ್ರೆಗೆ ಬರ್ತೀನಿ. ಅದು ನಂದು, ಕೊಡ್ಬೇಕು ನೀವು." ಮೆಟ್ಟಿಲಿಳಿದು ಸಾಲುಗಳ ನಡುವೆ ನಡೆದುಹೋದಳು. ಬಾಗಿಲಲ್ಲಿ ತಿರುಗಿ ನೋಡಿದಾಗ ಪರದೆಯ ಮೇಲೆ ಅವಳ ತೊಡೆ ಇನ್ನೂ ಇತ್ತು.

ಸೋಮವಾರ ಅವಳು ಕ್ಯಾಂಪಿನ ಗೇಟಿನ ಎದುರು, ಸರ್ಕಾರಿ ರಸ್ತೆಯ ಅಂಚಿನಲ್ಲಿ, ಮೂರು ಕಲ್ಲು ಹೂಡಿದಳು. ಮುದುಕ ತಗಡು ಕೊಟ್ಟಿದ್ದ, ಕಟ್ಟಿಗೆಯನ್ನೂ ಕೊಟ್ಟಿದ್ದ. ಮಾತ್ರೆಯಿಂದ ಅವಳ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹುಬ್ಬು ಬರೆದುಕೊಂಡಿರಲಿಲ್ಲ. ಕೈಯಲ್ಲಿ ಕಬ್ಬಿಣದ ಸೌಟು. ಸೌಟು ಹಿಡಿದಿದ್ದಕ್ಕೆ ಯಾರು ನಕ್ಕರೂ ಅವಳಿಗೀಗ ಲೆಕ್ಕಕ್ಕಿರಲಿಲ್ಲ.

ಲಾರಿಗಳು ಗೇಟಿನ ಹೊರಗೆ ಸಾಲಾಗಿ ನಿಂತಿದ್ದವು. ಹತ್ತುವವರೆಲ್ಲ ನೋಡಿದರು. ವಾಸನೆ ಎಲ್ಲರಿಗೂ ಹೋಯಿತು. ಅವಳು ಹೋದ ಮೇಲೆ ಕ್ಯಾಂಪಿನಲ್ಲಿ ಯಂತ್ರದ ರೊಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಬರುವಂಥದ್ದು. ಯಾರೂ ಹತ್ತಿರ ಬರಲಿಲ್ಲ. ಮೇಸ್ತ್ರಿ ಬಂದ.

"ರಸ್ತೆ ನಿಮ್ಮಪ್ಪಂದಾ?"

"ಅಲ್ಲ. ನಿಮ್ಮಪ್ಪಂದೂ ಅಲ್ಲ."

ಲಾರಿಯ ಮೇಲೆ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಆ ಕಡೆ ತಿರುಗಿದ. "ಕೇಳಿಸ್ಕೊಳ್ಳಿ. ಇವಳ ಕೈದು ತಿಂದೋರು ನನ್ನ ಲಾರಿ ಹತ್ತೋ ಹಾಗಿಲ್ಲ. ಗಂಟುಮೂಟೆ ಕಟ್ಕೊಂಡು ಹೊರಡ್ಬಹುದು."

ಮೊದಲ ದಿನ ಬೇಯಿಸಿದ್ದನ್ನು ಅವಳೂ ಮುದುಕನೂ ತಿಂದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಗಾಳಿಗೆ ಬೂದಿ ಹಾರಿ ಹಿಟ್ಟಿಗೆ ಬಿತ್ತು. ಅದನ್ನು ಚೆಲ್ಲಿ ಮತ್ತೆ ಕಲಸಿದಳು. ಕಾಲಿನ ಹುಣ್ಣೊಂದು ಮತ್ತೆ ಬಾಯಿ ಬಿಟ್ಟಿತ್ತು. ಆದರೂ ಒಲೆ ಬಿಟ್ಟು ಏಳಲಿಲ್ಲ. ದಿನಾ ಹೆದರಿಕೆಯಾಗುತ್ತಿತ್ತು, ಹೀಗೇ ಎಷ್ಟು ದಿನ ಎಂದು. ಹೆದರಿಕೊಂಡೇ ಕೂತಿದ್ದಳು.

ನಾಲ್ಕನೆಯ ದಿನ ತೆಂಚಾ ಲಾರಿ ಹತ್ತಿ ನಿಂತಿದ್ದಳು. ಇದ್ದಕ್ಕಿದ್ದಂತೆ ಬಕೆಟ್ಟನ್ನು ಕೆಳಗೆಸೆದು ಇಳಿದಳು. ರಸ್ತೆ ದಾಟಿ ಬಂದು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಫಿದೆನ್ಸಿಯಾಳ ಮುಖ ನೋಡಲಿಲ್ಲ.

"ಉಪ್ಪಿದೆಯಾ ಕೊಮಾದ್ರೆ?"

"ಕಂಬಳಿ ಸುಟ್ಟೆಯಂತೆ."

"ಸುಟ್ಟೆ."

"ಎರಡು ತಿಂಗಳು ಹೆಣೆದಿದ್ದೆ ಅದನ್ನ."

"ಗೊತ್ತು." ತೆಂಚಾ ಮೂಗು ಒರೆಸಿಕೊಂಡಳು. "ಹೆದರಿದೆ. ಅವಳು ನಿನ್ನ ಮಡಿಲಲ್ಲೇ ಬೆಳೆದೋಳು ಅಂತ ಹೆದರಿದೆ. ಬೈ ಬೇಕಾದ್ರೆ."

ಫಿದೆನ್ಸಿಯಾ ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ರೊಟ್ಟಿಗೆ ಉಪ್ಪುದುರಿಸಿ ಸುತ್ತಿ, ತನ್ನ ಬೆರಳುಗಳಲ್ಲೇ ಹಿಡಿದು ಚಾಚಿದಳು. ತೆಂಚಾ ಅದನ್ನು ಬರಿ ಕೈಯಲ್ಲಿ ತೆಗೆದುಕೊಂಡು ಕಚ್ಚಿದಳು. ಮೇಸ್ತ್ರಿ ಲಾರಿಯ ಬಾಗಿಲಿಗೆ ಗುದ್ದಿದ. ಲಾರಿ ಹೊರಟಿತು. ಇನ್ಯಾರೂ ಇಳಿಯಲಿಲ್ಲ. ಲಾರಿಯ ಮೇಲಿದ್ದವರ ಕಣ್ಣುಗಳೆಲ್ಲ ರೊಟ್ಟಿಯ ಮೇಲಿದ್ದವು, ತಿರುವಿನವರೆಗೂ.

"ನಾಳೆನೂ ಹತ್ತಿಸಲ್ಲ ಅವನು ನಿನ್ನ," ಅಂದಳು ಫಿದೆನ್ಸಿಯಾ. "ಖೋಲಿನೂ ಬಿಡಿಸ್ತಾನೆ."

"ಬಿಡಿಸ್ಲಿ." ತೆಂಚಾ ಕೊನೆಯ ತುತ್ತು ನುಂಗಿ ಎದ್ದು ನಿಂತಳು. ಗೇಟಿನ ಕಡೆ ಹೊರಟಳು.

"ಎಲ್ಲಿಗೆ?"

"ಎಲ್ವಿರಾನ ಕರ್ಕೊಂಡ್ ಬರ್ತೀನಿ. ಅವಳೂ ಏನೂ ತಿಂದಿಲ್ಲ."